ಹಂಡೆಗೆ ಬದಲು ಟೋಪು

ಅಮ್ಮನ ತಾಮ್ರದ ಹಂಡೆ ಮುನ್ಸಿಪಾಲ್ಟಿಯ ಗಾಡಿಯೊಳಗೆ ಬಿದ್ದ ಸದ್ದನ್ನು ನಾನು ಕೇಳಲಿಲ್ಲ. ಆ ಹೊತ್ತಿಗೆ ಜೋಗೇಶ್ವರಿಯ ನಮ್ಮ ಅಡುಗೆಮನೆಯಲ್ಲಿ ಬಸಳೆಯ ದಂಟು ಕತ್ತರಿಸುತ್ತಿದ್ದೆ. ಆದರೂ ಆ ಸದ್ದು ನನಗೆ ಗೊತ್ತು. ಚೊಂಬಿನ ಅಂಚು ತಾಗಿದರೂ ಸಾಕು, ಆ ಹಂಡೆ ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ನನ್ನ ಎರಡೂ ಬಾಣಂತನದಲ್ಲಿ ಅಮ್ಮ ಅದರಲ್ಲೇ ನೀರು ಕಾಯಿಸಿ ನನಗೂ ಮಕ್ಕಳಿಗೂ ಎರೆದಿದ್ದಳು. ಆಮೇಲೆ ಉಡುಪಿಯಿಂದ ಬಸ್ಸಿನಲ್ಲಿ ಬರುವಾಗ ನಾನೇ ಸೀಟಿನ ಕೆಳಗೆ ಇಟ್ಟು, ಉರುಳದಂತೆ ದಾರಿಯುದ್ದಕ್ಕೂ ಕಾಲಿನಿಂದ ಅದುಮಿ ಹಿಡಿದು ತಂದದ್ದು. ಅದನ್ನು ಗಾಡಿಗೆ ಎಸೆಯಿಸಿದವರು ಯಾರೆಂದು ತಿಳಿದ ಮೇಲೂ ನಾನು ಅವರಿಗೆ ಪ್ರತಿ ಭಾನುವಾರ ಚಾ ಕೊಟ್ಟೆ. ನಗುತ್ತಲೇ ಕೊಟ್ಟೆ. ಸೇಡಿಗೆ ಅವಸರ ಮಾಡಿದರೆ ಹಿಟ್ಟು ಹುಳಿ ಬರುವ ಮೊದಲೇ ಇಡ್ಲಿ ಹೊಯ್ದ ಹಾಗೆ ಆಗುತ್ತದೆ.

ನಮ್ಮ ಸಭೆ ಸೇರುವುದು ವಡಾಲದಲ್ಲಿ. ಬೆಳಿಗ್ಗೆ ಚರ್ಚು ಮರಾಠಿಯವರದು, ಆಮೇಲೆ ಇಂಗ್ಲಿಷಿನವರದು. ಅವರೆಲ್ಲ ಹೋಗಿ, ಫ್ಯಾನುಗಳು ಬಿಸಿಗಾಳಿಯನ್ನೇ ಸುತ್ತಿಸುವ ಮಧ್ಯಾಹ್ನದ ಹೊತ್ತಿಗೆ ನಮ್ಮ ಕನ್ನಡ ಆರಾಧನೆ. ನಾನು ಜೋಗೇಶ್ವರಿಯಿಂದ ಹಾರ್ಬರ್ ಲೋಕಲ್ ಹಿಡಿದು ಬೇಗ ಹೋಗುತ್ತೇನೆ, ಏಕೆಂದರೆ ಚಾದ ಜವಾಬ್ದಾರಿ ನನ್ನದು. ಚರ್ಚಿನ ಹಿಂದೆ ಒಂದು ಉದ್ದನೆಯ ಕೋಣೆ ಉಂಟು. ಹಿಂದೆ ಅಲ್ಲಿ ಹೋಟೆಲಿನಲ್ಲಿ ದುಡಿಯುವವರಿಗೆ ಕನ್ನಡದ ರಾತ್ರಿಶಾಲೆ ನಡೆಯುತ್ತಿತ್ತಂತೆ. ಕಲಿಯುವವರು ಬಾರದಾದ ಮೇಲೆ ಅದು ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ ಕೋಣೆಗೆ ಬೀಗ ಬಂತು. ಬೀಗದ ಕೈ ಸಭೆಯ ಕಾರ್ಯದರ್ಶಿಯವರ ಜೇಬು ಸೇರಿತು.

ಕಾರ್ಯದರ್ಶಿಯವರು ಮಂಗಳೂರು ಕಡೆಯವರು, ಕೇಟರಿಂಗ್ ವ್ಯವಹಾರ. ಮದುವೆ, ನಾಮಕರಣ, ಆಫೀಸಿನ ಪಾರ್ಟಿ, ಎಲ್ಲದಕ್ಕೂ ಅವರ ಬಿರಿಯಾನಿ. ಅಷ್ಟು ದೊಡ್ಡ ದೊಡ್ಡ ಟೋಪುಗಳನ್ನು, ಎಂದರೆ ಅಡುಗೆಯ ಪಾತ್ರೆಗಳನ್ನು, ಇಡಲು ಮುಂಬಯಿಯಲ್ಲಿ ಜಾಗ ಯಾರು ಕೊಡುತ್ತಾರೆ? ರಾತ್ರಿಶಾಲೆಯ ಕೋಣೆ ಕೊಟ್ಟಿತು. ಮೊದಲು ಎರಡು ಟೋಪು ಬಂದವು, ಆಮೇಲೆ ಒಲೆಗಳು, ಪ್ಲಾಸ್ಟಿಕ್ ಕುರ್ಚಿಗಳು, ಶಾಮಿಯಾನದ ಬಟ್ಟೆ. ಯಾರೂ ಏನೂ ಹೇಳಲಿಲ್ಲ. ಕ್ರಿಸ್ಮಸ್ಸಿಗೆ ಸಭೆಯವರಿಗೆಲ್ಲ ಅವರೇ ಊಟ ಹಾಕುತ್ತಿದ್ದರು.

ಅವರ ಇನ್ನೊಂದು ಹೆಚ್ಚುಗಾರಿಕೆ ಅವರ ಆಮೆನ್. ನಮ್ಮಲ್ಲಿ ಒಬ್ಬರು ಪ್ರಾರ್ಥಿಸುವಾಗ ಮಿಕ್ಕವರು ಕಣ್ಣು ಮುಚ್ಚಿ ನಡುನಡುವೆ ಆಮೆನ್ ಹೇಳುವುದು ರೂಢಿ, ಹಾಗೆಯೇ ಆಗಲಿ ಎಂದು. ಉಳಿದವರು ಬಾಯಿ ತೆರೆಯುವಷ್ಟರಲ್ಲಿ ಇವರ ಆಮೆನ್ ಚಾವಣಿಗೆ ಮುಟ್ಟಿ ವಾಪಸು ಬಂದಿರುತ್ತಿತ್ತು. ಪ್ರಾರ್ಥಿಸುವವರು ಉಸಿರಿಗೆಂದು ನಿಂತರೂ ಆಮೆನ್ ಬೀಳುತ್ತಿತ್ತು. ಒಮ್ಮೆ ಅಯ್ಯನವರು, ಎಂದರೆ ನಮ್ಮ ಸಭಾಪಾಲಕರು, ಪ್ರಾರ್ಥನೆಯ ನಡುವೆ ಕೆಮ್ಮಿದ್ದಕ್ಕೂ ಬಿತ್ತು.

ಚರ್ಚಿನ ಹಿಂಗೋಡೆಗೆ ಹೊರಗಿನಿಂದ ಒರಗಿಕೊಂಡು ಫುಟ್‌ಪಾತಿನ ಮೇಲೆ ಕೆಲವು ಸಂಸಾರಗಳಿದ್ದವು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನೀಲಿ ತಾಡಪಾಲು, ನಾಲ್ಕು ಬಿದಿರು, ಮೂರು ಇಟ್ಟಿಗೆಯ ಒಲೆ. ಅವರಲ್ಲೊಬ್ಬಳು ಜೋಳದ ರೊಟ್ಟಿ ಬಡಿದು ಕೂಲಿಯವರಿಗೆ ಮಾರುತ್ತಿದ್ದಳು. ನನ್ನದೇ ವಯಸ್ಸು. ಒಂದು ಭಾನುವಾರ ನಾವು ಹಾಡುತ್ತಿದ್ದಾಗ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಯಕ್ಕಾ, ಇದು ಕನ್ನಡದ ಗುಡಿ ಏನ್ರಿ? ನಮಗ ಇಷ್ಟ್ ದಿನ ಗೊತ್ತೇ ಆಗ್ಲಿಲ್ಲ ನೋಡ್ರಿ. ಗ್ವಾಡಿಗಿ ಬೆನ್ನು ಹಚ್ಚೇ ಮಲಗ್ತಿದ್ವಿ."

ಅಂದಿನಿಂದ ಅವಳು ನಮ್ಮವಳು. ಎಲ್ಲರ ಬಾಯಲ್ಲಿ ರೊಟ್ಟಿಯಕ್ಕ ಆದಳು. ಅವಳ ಹಿಂದೆ ಉಳಿದವರೂ ಬಂದರು, ಹಿಂದಿನ ಬೆಂಚುಗಳು ತುಂಬಿದವು. ಚಾದ ಹೊತ್ತಿಗೆ ಅವಳು ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ನಾವು ಕರಾವಳಿಯವರು ಮೊದಲು ಬೆರಳ ತುದಿಯಿಂದ, ಆಮೇಲೆ ಕೈತುಂಬ ತಿಂದೆವು. ಅವಳ ಮಗಳು ಬಸುರಿ. ಅಳಿಯ ಕಲ್ಯಾಣ್ ಸ್ಟೇಷನ್ನಿನಾಚೆ ಎಲ್ಲೋ ಕಟ್ಟಡದ ಸೈಟಿನಲ್ಲಿ. ದಿನ ತುಂಬುವುದು ಮಳೆಗಾಲ ಶುರುವಾಗುವ ಹೊತ್ತಿಗೆ.

"ನಾವು ಹ್ಯಾಂಗೂ ಇರ್ತೀವ್ರಿ ಯಕ್ಕಾ, ಕುಂತು ಮಳಿ ಕಳದೇವು," ಎಂದು ರೊಟ್ಟಿಯಕ್ಕ ಹೇಳುತ್ತಿದ್ದಳು. "ಹಸಿ ಬಾಣಂತಿನ ನೀರಾಗ ಹ್ಯಾಂಗ ಮಲಗಿಸ್ಲಿ? ಅದೊಂದೇ ನನ್ನ ಚಿಂತಿ."

ಮಳೆಗೆ ಮುಂಚೆ ಆ ಹುಡುಗಿಯ ತಲೆಯ ಮೇಲೆ ಒಂದು ಮಾಡು ಬೇಕಿತ್ತು. ಸಭೆಯಲ್ಲಿ ವಸತಿ ಸಮಿತಿ ಎಂದು ಒಂದು ಹುಟ್ಟಿದ್ದು ಇದಕ್ಕೇ. ಅಯ್ಯನವರು, ಕಾರ್ಯದರ್ಶಿಯವರು, ಹೆಂಗಸರ ಕೂಟದಿಂದ ನಾನು, ಇನ್ನಿಬ್ಬರು. ಗುಡಿಸಲಿನವರಿಗೆ ಸರಕಾರದ ಯೋಜನೆ ಉಂಟು, ಚಾಳಿನವರಿಗೆ ಉಂಟು. ಫುಟ್‌ಪಾತಿನವರು ಯಾವುದರೊಳಗೂ ಬರುವುದಿಲ್ಲ. ಅವರಿಗೆ ಇರುವುದು ತಂಗುದಾಣವೊಂದೇ. ಮನೆಯಿಲ್ಲದವರಿಗೆ ನಗರದಲ್ಲಿ ತಂಗುದಾಣ ಇರಲೇಬೇಕೆಂದು ನಿಯಮ ಇದೆ, ನಮ್ಮ ವಾರ್ಡಿನಲ್ಲಿ ತಂಗುದಾಣ ಇಲ್ಲ. ಅದನ್ನು ಕೇಳಲು ನಾವು ಬ್ಯಾನರು ಹಿಡಿದುಕೊಂಡು ವಾರ್ಡ್ ಆಫೀಸಿಗೆ ಹೋದೆವು. ಬ್ಯಾನರಿನ ನಡುಮಧ್ಯೆ ನಿಂತು ಫೋಟೋ ತೆಗೆಸಿಕೊಂಡವರು ಕಾರ್ಯದರ್ಶಿಯವರು.

ಅಲ್ಲಿನ ಅಧಿಕಾರಿ ಒಬ್ಬ ಮರಾಠಿ ಹೆಂಗಸು, ಹತ್ತಿ ಸೀರೆ, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಪೂರ್ತಿ ಕೇಳಿದರು. ಆಮೇಲೆ ಹಿಂದಿಯಲ್ಲಿ ಹೇಳಿದರು: ನಡೆಸುವ ವ್ಯವಸ್ಥೆ ನಾವು ಮಾಡುತ್ತೇವೆ, ನೀರು, ಕಕ್ಕಸು, ಕಾವಲು ಎಲ್ಲ. ನಮ್ಮಲ್ಲಿ ಇಲ್ಲದ್ದು ಜಾಗ. ನಿಮ್ಮ ಚರ್ಚಿನ ಕಂಪೌಂಡು ಅಷ್ಟು ದೊಡ್ಡದಿದೆಯಲ್ಲ, ಅಲ್ಲಿ ಒಂದು ಕೋಣೆ ಇಲ್ಲವೇ?

ನಾನು ಬಾಯಿ ತೆರೆದೆ. ಕಾರ್ಯದರ್ಶಿಯವರು ನನಗಿಂತ ಮೊದಲು ತೆರೆದರು. ಅಭ್ಯಾಸಬಲ.

"ಆಮ್ಚ್ಯಾಕಡೇ ಜಾಗಾ ನಾಹೀ, ಮ್ಯಾಡಮ್," ಎಂದರು ಮರಾಠಿಯಲ್ಲಿ. ನಮ್ಮಲ್ಲಿ ಜಾಗ ಇಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ಹಿಂದಿನ ಕೋಣೆ ಉಂಟಲ್ಲ?"

"ಎಂತ ಅಕ್ಕ ನೀವು! ಅದು ಟೋಪು ಇಡುವ ಜಾಗ. ಜನ ಇರುವ ಜಾಗವಾ ಅದು? ಒಮ್ಮೆ ಒಳಗೆ ಬಿಟ್ಟರೆ ಆಮೇಲೆ ಏಳಿಸಲಿಕ್ಕೆ ನೀವು ಬರ್ತೀರಾ?"

"ಹೋಟೆಲಿನ ಹುಡುಗರು ಪಾಠ ಕಲಿತ ಜಾಗ ಅಲ್ವಾ?"

"ನೀವು ಚಾ ಚೆನ್ನಾಗಿ ಮಾಡ್ತೀರಿ," ಎಂದರು. ಅಷ್ಟೇ ಹೇಳಿದರು. ನಾನು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಮುಂದಿನ ಸಮಿತಿಯಲ್ಲಿ ಕೋಣೆಯ ಮಾತನ್ನು ಎಲ್ಲರೆದುರು ಎತ್ತಿದೆ. ಅಯ್ಯನವರು ಒಳ್ಳೆಯವರು, ಆದರೆ ಯಾರ ಮುಖ ಕಪ್ಪಾಗುವುದನ್ನೂ ನೋಡಲಾರದವರು. "ಯೋಚನೆ ಮಾಡುವ, ಈಸ್ಟರ್ ಆಗಲಿ," ಎಂದರು. ಈಸ್ಟರ್ ಆಯಿತು. ಅಂದೇ, ಬಾಣಂತಿಯ ನೀರಿಗಾಗಲಿ ಎಂದು, ಅಮ್ಮನ ಹಂಡೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ, ಲೋಕಲ್ಲಿನಲ್ಲಿ ಹೆಂಗಸರ ಬೈಗುಳ ತಿಂದು, ವಡಾಲಕ್ಕೆ ಹೊತ್ತೊಯ್ದು ರೊಟ್ಟಿಯಕ್ಕನ ಕೈಯಲ್ಲಿಟ್ಟೆ. ಅವಳು ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ತಾಡಪಾಲಿನೊಳಗೆ ತಲೆದೆಸೆಗೆ ಮಗುಚಿ ಹಾಕಿಕೊಂಡಳು. ಫುಟ್‌ಪಾತಿನಲ್ಲಿ ಅದು ದೇವರ ಮನೆಯ ದೀಪದ ಹಾಗೆ ಹೊಳೆಯುತ್ತಿತ್ತು.

ಆ ವಾರವೇ ಗಾಡಿ ಬಂತು.

ಮುನ್ಸಿಪಾಲ್ಟಿಯವರು ತಾಡಪಾಲು ಕಿತ್ತರು, ಹಾಸಿಗೆ, ಹಂಚು, ರೊಟ್ಟಿ ಬಡಿಯುವ ಮರದ ಮರಿಗೆ, ಎಲ್ಲವನ್ನೂ ಗಾಡಿಗೆ ತುಂಬಿದರು. ಹಂಡೆಯನ್ನು ಬಸುರಿ ಹುಡುಗಿ ತಬ್ಬಿಕೊಂಡು ಕುಳಿತಿದ್ದಳಂತೆ. ಕೈ ಬಿಡಿಸಿ ಎಸೆದರು. ಎಸೆದವನೂ ಅವರ ಕಡೆಯವನೇ, ಕಲಬುರಗಿಯವ, ಗಾಡಿಯ ಕೂಲಿ. ಅವಳ ಅಳು ಕೇಳಿ ಕನ್ನಡದಲ್ಲೇ ಹೇಳಿದನಂತೆ:

"ಯವ್ವಾ, ನನ್ನ ಮ್ಯಾಲ್ ಸಿಟ್ಟಾಗಬ್ಯಾಡ. ನಿಮ್ಮ ಚರ್ಚಿನ ಬಿರಿಯಾನಿ ಸೇಠನೇ ಫೋನ್ ಮ್ಯಾಲ್ ಫೋನ್ ಮಾಡ್ಯಾನ. ಗ್ವಾಡಿ ಕ್ಲೀನ್ ಮಾಡ್ರಿ ಅಂತ."

ಆ ಭಾನುವಾರ ಹಿಂಗೋಡೆಗೆ ಹೊಸ ಸುಣ್ಣ ಬಳಿದಿತ್ತು. ರೊಟ್ಟಿಯಕ್ಕನ ಕಡೆಯವರೆಲ್ಲ ಸ್ಟೇಷನ್ನಿನ ಆಚೆ ಸೇತುವೆಯ ಅಡಿಗೆ ಹೋಗಿದ್ದರು. ಆರಾಧನೆಯ ಮೇಲೆ ಚಾದ ಲೋಟ ಹಿಡಿದು ಕಾರ್ಯದರ್ಶಿಯವರು ಅಯ್ಯನವರಿಗೆ ಹೇಳುವುದು ನನಗೆ ಕೇಳಿಸಿತು. "ಪಾಪ, ಮುನ್ಸಿಪಾಲ್ಟಿಯವರು ಎಬ್ಬಿಸಿಬಿಟ್ಟರು. ಇನ್ನು ಆ ಕೋಣೆಯ ಪ್ರಶ್ನೆ ಎಲ್ಲಿ ಬಂತು ಅಯ್ಯನವರೇ? ಗೋಡೆಯ ಬದಿಯಲ್ಲಿ ಜನವೇ ಇಲ್ಲ."

ನಾನು ಅವರ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದೆ. ಅಡಿಯ ಚಾ, ಚಾ ಹುಡಿಯ ಕಹಿ ಪೂರ್ತಿ ಇಳಿದದ್ದು. "ಚೆನ್ನಾಗುಂಟು," ಎಂದರು.

ಮನೆಗೆ ಬಂದು ದೋಸೆ ಹೊಯ್ಯುತ್ತಿದ್ದಾಗ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಎಂತ, ಕಾವಲಿ ಮೇಲೆ ಯಾರನ್ನು ಹುರಿಯುತ್ತಿದ್ದಿ?"

"ಯಾರನ್ನೂ ಇಲ್ಲ."

"ಹಾಗಾದರೆ ಅವನಿಗೆ ಗ್ರಹಚಾರ ಉಂಟು," ಎಂದು ಟಿವಿ ಮುಂದೆ ಹೋಗಿ ಕೂತರು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಅವರಿಗೆ ನನ್ನ ಸದ್ದಿಲ್ಲದ ಕೆಲಸದ ಭಯ ಉಂಟು.

ನಾನೂ ರೊಟ್ಟಿಯಕ್ಕನೂ ಗಾಡಿಯ ಸಾಮಾನು ಇಡುವ ಗೋದಾಮಿಗೆ ಹೋಗಿ ಬಂದೆವು. ಒಬ್ಬ ನಾಳೆ ಬನ್ನಿ ಎಂದ, ಇನ್ನೊಬ್ಬ ಇಲ್ಲಿಗೆ ಬಂದೇ ಇಲ್ಲ ಎಂದ. ತಾಮ್ರದ ಹಂಡೆ ಗೋದಾಮಿನವರೆಗೆ ಎಲ್ಲಿ ತಲುಪುತ್ತದೆ? ಬೆಳಗಿ ಹೊಳೆಸಿದ್ದೇ ಅದಕ್ಕೆ ಮುಳುವಾಯಿತು. ವಾಪಸು ಬರುವಾಗ ರೊಟ್ಟಿಯಕ್ಕ, "ನಿಮ್ಮ ತಾಯೀದು ಹೋತಲ್ರಿ ಯಕ್ಕಾ, ನನ್ನಿಂದ," ಎಂದು ಅತ್ತಳು. ನನಗೆ ಅಳು ಬರಲಿಲ್ಲ. ಅಂದೇ ನಿರ್ಧಾರ ಮಾಡಿದೆ, ಆ ಕೋಣೆಯ ಬಾಗಿಲನ್ನು ಆ ಮನುಷ್ಯನ ಬಾಯಿಂದಲೇ ತೆರೆಸಬೇಕು, ಅದೂ ನಾಲ್ಕು ಜನರ ಎದುರು, ಮಳೆಗೆ ಮುಂಚೆ.

ನಮ್ಮ ಸಭೆಯಲ್ಲಿ ಮನೆ ಪ್ರಾರ್ಥನೆಯ ಪದ್ಧತಿ ಉಂಟು. ಶನಿವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಾಡು, ಬೈಬಲಿನ ವಾಕ್ಯ, ಆಮೇಲೆ ಅಯ್ಯನವರು ಯಾರಿಗೆ ಮನಸ್ಸುಂಟೋ ಅವರು ಪ್ರಾರ್ಥನೆ ಮಾಡಬಹುದು ಎನ್ನುತ್ತಾರೆ, ಯಾರು ಬೇಕಾದರೂ ಮಾಡುತ್ತಾರೆ. ಸಭೆಯವರು ಯಾರೇ ಬಂದರೂ ಆ ಮನೆಯವರು ಕೂರಿಸಿ ಚಾ ತಿಂಡಿ ಕೊಡಬೇಕು. ಇನ್ನೊಂದು, ಪ್ರಾರ್ಥನೆಯ ನಡುವೆ ಯಾರೂ ತಡೆಯುವಂತಿಲ್ಲ. ಕುಕ್ಕರು ಸೀಟಿ ಹೊಡೆಯಲಿ, ಬಾಗಿಲ ಗಂಟೆ ಬಡಿದುಕೊಳ್ಳಲಿ, ಕಣ್ಣು ತೆರೆಯುವಂತಿಲ್ಲ.

ಯಾರ ಮನೆಯಲ್ಲಿ ಎಂದು ಫೋನು ಮಾಡಿ ಗೊತ್ತು ಮಾಡುವವಳು ನಾನೇ. ಕಾರ್ಯದರ್ಶಿಯವರು ವಡಾಲದಲ್ಲೇ ಎದ್ದ ಹೊಸ ಟವರಿನಲ್ಲಿ ಮನೆ ಮಾಡಿದ್ದರು. ಬಿಳಿ ಸೋಫಾ ಕೊಳೆಯಾಗುತ್ತದೆಂದು ಸರದಿ ತಪ್ಪಿಸಿಕೊಳ್ಳುತ್ತಲೇ ಬಂದಿದ್ದರು. ಮೇ ತಿಂಗಳಲ್ಲಿ ಒಂದು ಭಾನುವಾರ, ಚಾದ ಹೊತ್ತಿನಲ್ಲಿ, ಹತ್ತು ಜನ ಹೆಂಗಸರ ನಡುವೆ ಅವರ ಹೆಂಡತಿಯನ್ನು ಕೇಳಿದೆ.

"ಅಷ್ಟು ಚಂದದ ಮನೆಯಂತೆ, ಸಮುದ್ರ ಕಾಣುತ್ತದಂತೆ! ಪ್ರಾರ್ಥನೆ ಇಡದೆ ಹೇಗೆ ಒಳಗೆ ಬಂದು ಕೂತಿರಿ ಮಾರಾಯ್ತಿ?"

ಆ ಹೆಂಗಸಿಗೆ ಮನೆ ತೋರಿಸುವ ಆಸೆ ಬೆಟ್ಟದಷ್ಟು ಇತ್ತು. "ಬರುವ ಶನಿವಾರವೇ ಇಡುವ," ಎಂದರು. ಕಾರ್ಯದರ್ಶಿಯವರು ದೂರದಲ್ಲಿ ಬಿಸ್ಕಿಟು ಅದ್ದುತ್ತಿದ್ದರು. ಅವರ ಹತ್ತಿರ ಹೋಗಿ ಇನ್ನೊಂದು ಚೂರು ಬೆಣ್ಣೆ ಹಚ್ಚಿದೆ.

"ವಾರ್ಡ್ ಆಫೀಸಿನ ಮೇಡಂ ಅವರನ್ನೂ ಕರೆಯಿರಿ. ಅಂಥವರು ನಿಮ್ಮ ಮನೆಗೆ ಬಂದರೆ ಬಿಲ್ಡಿಂಗಿನವರು ಸುಮ್ಮನೆ ಇರ್ತಾರಾ? ನಿಮ್ಮ ಮಾತಿಗೆ ಬೆಲೆ ಬರುತ್ತದೆ."

"ಹೌದಲ್ಲ," ಎಂದರು. ನನ್ನ ಚಾ ಕೆಟ್ಟದಾಗಿದ್ದರೂ ಕುಡಿಯುವವರು, ನನ್ನ ಸಲಹೆಯನ್ನೂ ಕುಡಿದರು.

ನಾನು ಸೇತುವೆಯ ಅಡಿಗೆ ಹೋಗಿ ರೊಟ್ಟಿಯಕ್ಕನ ಪಕ್ಕ ಕುಳಿತೆ. ಬಸುರಿ ಹುಡುಗಿಯ ಕಾಲು ಬಾತಿತ್ತು, ಕಂಬಕ್ಕೆ ಒರಗಿದ್ದಳು. ನೀನು ಶನಿವಾರ ಕಾರ್ಯದರ್ಶಿಯವರ ಮನೆಯಲ್ಲಿ ಪ್ರಾರ್ಥನೆ ಮಾಡಬೇಕು, ಎಂದು ರೊಟ್ಟಿಯಕ್ಕನಿಗೆ ಹೇಳಿದೆ.

"ಅಂಥ ಮನಿಯಾಗ ನಾ ಏನ್ ಪ್ರಾರ್ಥನಿ ಮಾಡ್ಲಿರಿ?"

"ನಿನಗೆ ಏನು ಬೇಕೋ ಅದನ್ನೇ ಕೇಳು. ಮೊದಲು ಮನೆಯನ್ನು ಹೊಗಳು, ಮನೆಯವರನ್ನು ಹೊಗಳು. ಆಮೇಲೆ ಕೋಣೆ ಕೇಳು. ಕೇಳುವಾಗ ಹಿಂದಿಯಲ್ಲಿ ಕೇಳು."

"ದೇವ್ರಿಗಿ ಕನ್ನಡ ಬರಲ್ಲೇನ್ರಿ ಯಕ್ಕಾ?"

"ದೇವರಿಗೆ ಬರುತ್ತದೆ. ಮೇಡಂಗೆ ಬರುವುದಿಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಗಾಡಿ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶನಿವಾರ ಸಂಜೆ ಸೇತುವೆಯ ಅಡಿಯವರನ್ನೆಲ್ಲ ಕರೆದುಕೊಂಡೇ ಹೋದೆ. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಟವರಿನ ವಾಚ್‌ಮನ್ ತಡೆದು, ಕೆಲಸದವರ ಲಿಫ್ಟಿನ ಕಡೆ ಕೈ ತೋರಿಸಿದ.

"ಕಿಧರ್? ಸರ್ವಿಸ್ ಲಿಫ್ಟ್ ಉಧರ್ ಹೈ."

"ಸಾಬ್ ಕೇ ಘರ್ ಪ್ರಾರ್ಥನಾ ಹೈ. ಸಬ್ ಮೆಹಮಾನ್ ಹೈ. ಪೂಛೋ," ಎಂದೆ, ಎಲ್ಲರೂ ಅತಿಥಿಗಳು, ಬೇಕಾದರೆ ಕೇಳು ಎಂದು.

ಅವನು ಇಂಟರ್‌ಕಾಮಿನಲ್ಲಿ ಕೇಳಿದ. ಎತ್ತಿದವರು ಕಾರ್ಯದರ್ಶಿಯವರ ಹೆಂಡತಿ. ಅತ್ತ ಮೇಡಂ ಆಗಲೇ ಬಂದು ಕುಳಿತಿದ್ದರಿಂದ ಅವರು ಬೇಡ ಎನ್ನುವ ಹಾಗಿರಲಿಲ್ಲ. ನಾವು ಕನ್ನಡಿ ಇದ್ದ ಲಿಫ್ಟಿನಲ್ಲೇ ಹೋದೆವು. ಬಸುರಿ ಹುಡುಗಿ ಕನ್ನಡಿಯಲ್ಲಿ ತನ್ನ ಹೊಟ್ಟೆಯನ್ನು ನೋಡಿ ನಾಚಿಕೊಂಡಳು.

ಬಾಗಿಲು ತೆರೆದ ಕಾರ್ಯದರ್ಶಿಯವರ ಮುಖ ನೋಡಬೇಕಿತ್ತು. ಆದರೆ ಪದ್ಧತಿ ಪದ್ಧತಿಯೇ. "ಬನ್ನಿ, ಬನ್ನಿ," ಎಂದರು. ಬಸುರಿಯನ್ನು ನಾನೇ ಕೈಹಿಡಿದು ಬಿಳಿ ಸೋಫಾದ ಮೇಲೆ, ಮೇಡಂ ಪಕ್ಕಕ್ಕೆ ಕೂರಿಸಿದೆ. ಕಾರ್ಯದರ್ಶಿಯವರ ಕಣ್ಣು ಸೋಫಾದ ಮೇಲೆಯೇ ಇತ್ತು. ಮೇಡಂ ತಾವಾಗಿ ಸರಿದು ಜಾಗ ಮಾಡಿಕೊಟ್ಟು, ಎಷ್ಟನೆಯ ತಿಂಗಳು ಎಂದು ಕೇಳಿದರು. ಹುಡುಗಿ ಹೇಳಿದಳು. ಎಲ್ಲಿರುತ್ತೀ ಎಂದು ಕೇಳಿದರು. ಅದನ್ನೂ ಹೇಳಿದಳು. ಮೇಡಂ ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸತೊಡಗಿದರು.

ಹಾಡಾಯಿತು, ವಾಕ್ಯವಾಯಿತು. ಅಯ್ಯನವರು ಎಂದಿನಂತೆ ಹೇಳಿದರು, ಯಾರಿಗೆ ಮನಸ್ಸುಂಟೋ ಅವರು ಪ್ರಾರ್ಥನೆ ಮಾಡಬಹುದು. ಎಲ್ಲರೂ ಕಣ್ಣು ಮುಚ್ಚಿದರು. ರೊಟ್ಟಿಯಕ್ಕ ಎದ್ದು ನಿಂತ ಬಳೆಯ ಸದ್ದು ಕೇಳಿಸಿತು.

"ನನ್ನಪ್ಪಾ ಯೇಸುವೇ, ಈ ಮನಿ ಬೆಳಗಿಸಪ್ಪಾ."

"ಆಮೆನ್!" ಕಾರ್ಯದರ್ಶಿಯವರದು, ಎಲ್ಲರಿಗಿಂತ ಮೊದಲು.

"ಈ ಮನಿ ಯಜಮಾನ್ರಿಗಿ ಆಯುಸ್ಸ ಕೊಡು, ಆರೋಗ್ಯ ಕೊಡು."

"ಆಮೆನ್!"

"ಇವ್ರ ವ್ಯಾಪಾರ ಮುಗಿಲಿಗಿ ಮುಟ್ಟಲಿ."

"ಆಮೆನ್! ಆಮೆನ್!"

ಇಲ್ಲಿ ಅವಳು ಹಿಂದಿಗೆ ಹೊರಳಿದಳು. ಎಷ್ಟು ಮೆತ್ತಗೆ ಹೊರಳಿದಳೆಂದರೆ, ರೊಟ್ಟಿಯನ್ನು ಹರಿಯದಂತೆ ಮಗುಚಿ ಹಾಕುವ ಕೈ ಅವಳದು ಎಂಬುದು ನನಗೆ ಆಗ ನೆನಪಾಯಿತು.

"ಪ್ರಭೂ, ಆಜ್ ಯಹಾಂ ಬೈಠೇ ಸಬ್ ಕೋ ಆಶೀಷ್ ದೇ."

"ಆಮೆನ್!"

"ಮೇರೀ ಬೇಟೀ ಕಾ ಬಚ್ಚಾ ಸಲಾಮತ್ ಪೈದಾ ಹೋ." ಮಗಳ ಮಗು ಕ್ಷೇಮವಾಗಿ ಹುಟ್ಟಲಿ ಎಂದು.

"ಆಮೆನ್!"

"ಔರ್ ಚರ್ಚ್ ಕೇ ಪೀಛೇ ಜೋ ಬಡಾ ಕಮರಾ ಹೈ, ಜಿಸ್ ಮೇಂ ಇನ್ ಕೇ ಬರ್ತನ್ ರಖೇ ಹೈಂ, ವೋ ಕಮರಾ ಬಾರಿಶ್ ಸೇ ಪಹಲೇ ಹಮ್ ಬೇಘರ್ ಲೋಗೋಂ ಕೋ ಮಿಲ್ ಜಾಯೇ."

"ಆಮೆನ್!"

ಚರ್ಚಿನ ಹಿಂದೆ ಇವರ ಪಾತ್ರೆ ಇಟ್ಟ ದೊಡ್ಡ ಕೋಣೆ ಮಳೆಗೆ ಮುಂಚೆ ಮನೆಯಿಲ್ಲದ ನಮಗೆ ಸಿಗಲಿ, ಎಂದು ಅವಳು ಕೇಳಿದ್ದಕ್ಕೆ ಬಿದ್ದ ಆಮೆನ್ ಅದು. ಅಷ್ಟು ಗಟ್ಟಿಯಾದ ಆಮೆನ್ ಅವರ ಜನ್ಮದಲ್ಲೇ ಬಂದಿರಲಿಕ್ಕಿಲ್ಲ. ಟವರಿನ ಗಾಜಿನ ಕಿಟಕಿಗೆ ಬಡಿದು ವಾಪಸು ಬಂತು. ಉಳಿದ ನಾವೆಲ್ಲ ಅದರ ಹಿಂದೆ ಒಕ್ಕೊರಲಿನಿಂದ ಆಮೆನ್ ಎಂದೆವು. ನಾನು ನನ್ನ ಇಷ್ಟು ವರ್ಷದ ಬಾಳಿನಲ್ಲಿ ಮೊದಲ ಸಲ ಪ್ರಾರ್ಥನೆಯ ನಡುವೆ ಕಣ್ಣು ತೆರೆದೆ. ಅವರೂ ತೆರೆದಿದ್ದರು. ಬಾಯಿ ಇನ್ನೂ ಮುಚ್ಚಿರಲಿಲ್ಲ. ನಾನು ನಕ್ಕೆ, ಭಾನುವಾರ ಚಾ ಕೊಡುವಾಗ ನಗುವ ಹಾಗೆಯೇ. ಗಾಡಿಗೆ ಎಸೆಯಿಸಿದ ಆ ಹಂಡೆ ಯಾರದೆಂದು ಅವರಿಗೆ ಆಗ ಗೊತ್ತಾಗಿರಬೇಕು.

ಅವರು ಏನೋ ಹೇಳಲು ಹೊರಟರು. ಹೇಳುವಂತಿರಲಿಲ್ಲ, ಪ್ರಾರ್ಥನೆ ನಡೆಯುತ್ತಿತ್ತು. ರೊಟ್ಟಿಯಕ್ಕ ಸಾವಕಾಶವಾಗಿ ಕೃತಜ್ಞತೆ ಹೇಳಿ, ಕರ್ತನ ನಾಮದಲ್ಲಿ ಎಂದು ಮುಗಿಸಿದಳು. ಆ ಕೊನೆಯ ಆಮೆನ್‌ಗೆ ಅವರ ದನಿ ಇರಲಿಲ್ಲ.

ಮೇಡಂ ಕನ್ನಡಕ ಹಾಕಿಕೊಂಡರು. "ಖೋಲೀ ಆಹೇ? ತುಮ್ಹೀ ತರ ಜಾಗಾ ನಾಹೀ ಮ್ಹಣಾಲಾ ಹೋತಾ," ಎಂದರು. ಕೋಣೆ ಇದೆಯಾ? ನೀವು ಜಾಗ ಇಲ್ಲ ಎಂದಿದ್ದಿರಲ್ಲ.

"ಇಲ್ಲ ಮೇಡಂ, ಅದು, ಸ್ವಲ್ಪ ರಿಪೇರಿ..." ಎಂದು ಅವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆಂಬುದನ್ನೇ ಮರೆತು ಕನ್ನಡದಲ್ಲಿ ತೊದಲಿದರು.

ಯಾರ ಮುಖ ಕಪ್ಪಾಗುವುದನ್ನೂ ನೋಡಲಾರದ ಅಯ್ಯನವರು ಅಂದು ಆ ಮುಖವನ್ನು ನೋಡಿಯೇ ಹೇಳಿದರು, "ನೀವೇ ಮೊದಲು ಆಮೆನ್ ಹೇಳಿದಿರಲ್ಲ. ಎಲ್ಲರಿಗೂ ಕೇಳಿಸಿತು. ಸಮಿತಿಯಲ್ಲಿ ಇನ್ನು ಚರ್ಚೆ ಎಂತಕ್ಕೆ? ಸೋಮವಾರ ಬೀಗ ತೆಗೆಯುವ."

ಅಷ್ಟರಲ್ಲಿ ಕಾರ್ಯದರ್ಶಿಯವರ ಹೆಂಡತಿ ಅಡುಗೆಮನೆಯಿಂದ ಕೇಕು ತಂದು, ಎಂತ ಆಯ್ತು ಎಂದು ಕೇಳಿದರು. ನಾನು ಎರಡು ತುಂಡು ತಿಂದೆ. ಸಿಹಿ ಚೂರು ಕಡಿಮೆ ಇತ್ತು, ಆದರೂ ರುಚಿಯಾಗಿತ್ತು.

ಸೋಮವಾರ ಟೋಪುಗಳು ಹೊರಗೆ ಬಂದವು. ಹೊತ್ತು ಹಾಕಿದವರು ಸೇತುವೆಯ ಅಡಿಯ ಗಂಡಸರು. ಕಾರ್ಯದರ್ಶಿಯವರು ಗೇಟಿನಲ್ಲಿ ನಿಂತು, "ಮೆಲ್ಲ, ಮೆಲ್ಲ, ಜಜ್ಜಿ ಹೋಗ್ತದೆ," ಎಂದು ಕೂಗುತ್ತಿದ್ದರು. ಟೆಂಪೋಕ್ಕೆ ಎತ್ತಿ ಹಾಕುವಾಗ ಒಂದು ಟೋಪು ಕೈಜಾರಿ ಬಿತ್ತು. ಆ ಸದ್ದನ್ನು ನಾನು ಚೆನ್ನಾಗಿ ಕೇಳಿದೆ. ಗೋಡೆಯ ಮೇಲೆ ಕುರ್ಚಿಗಳ ಹಿಂದೆ ಕಪ್ಪುಹಲಗೆ ಹಾಗೇ ಇತ್ತು. ನಾವು ಹೆಂಗಸರು ಫಿನಾಯಿಲು ಹಾಕಿ ನೆಲ ಉಜ್ಜಿದೆವು, ಹಲಗೆಯ ಧೂಳು ಮಾತ್ರ ಒರೆಸಿ ಬಿಟ್ಟೆವು. ಮೇಡಂ ಮಾತಿಗೆ ತಪ್ಪಲಿಲ್ಲ, ನೀರಿನ ನಲ್ಲಿಯೂ ಕಕ್ಕಸಿನ ಕೆಲಸವೂ ಶುರುವಾದವು. ಮಂಜೂರಾತಿಯ ಕಾಗದ ಇನ್ನೂ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದೆ. ಜನ ಮಾತ್ರ ಒಳಗಿದ್ದಾರೆ.

ಮೊದಲ ಮಳೆ ಬಂದ ವಾರವೇ ಹುಡುಗಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಆಸ್ಪತ್ರೆಯಿಂದ ನೇರ ರಾತ್ರಿಶಾಲೆಯ ಕೋಣೆಗೆ ಕರೆತಂದರು. ಹೊರಗೆ ಹಿಂಗೋಡೆಯ ಬದಿಯ ಫುಟ್‌ಪಾತಿನಲ್ಲಿ ಮೊಣಕಾಲು ಮುಟ್ಟುವ ನೀರು ಹರಿಯುತ್ತಿತ್ತು. ಒಳಗೆ ಕಪ್ಪುಹಲಗೆಯ ಅಡಿಯಲ್ಲಿ ತಾಯಿ ಮಗು ಒಣಬಟ್ಟೆಯಲ್ಲಿ ಮಲಗಿದ್ದರು.

ಬಾಣಂತಿಗೆ ಎರೆಯಲು ನಾನೇ ಹೋದೆ. ನೀರು ಕಾಯಿಸಲು ಒಂದು ಟೋಪು ಇತ್ತು. ಸೋಮವಾರ ಟೆಂಪೋ ತುಂಬುವಾಗ ಅದನ್ನು ಬಾಗಿಲ ಹಿಂದೆ ನಾನೇ ಮಗುಚಿ, ಮೇಲೆ ಗೋಣಿ ಹೊದೆಸಿದ್ದೆ. ಬಿರಿಯಾನಿಯ ವಾಸನೆ ಹೋಗಲು ಮೂರು ಸಲ ಬೂದಿ ಹಾಕಿ ತಿಕ್ಕಬೇಕಾಯಿತು. ಅಡಿ ದಪ್ಪ, ನೀರು ಬೇಗ ಆರುವುದಿಲ್ಲ. ಹಂಡೆಯಷ್ಟು ಹದ ಇಲ್ಲ. ಆದರೂ ನಡೆಯುತ್ತದೆ.

ಎರೆದು ಮುಗಿಸಿ ಮಗುವಿಗೆ ಸಾಂಬ್ರಾಣಿ ಹೊಗೆ ತೋರಿಸುತ್ತಿದ್ದಾಗ ಕಾರ್ಯದರ್ಶಿಯವರು ಕೊಡೆ ಮಡಚುತ್ತ ಬಾಗಿಲಿಗೆ ಬಂದರು. ಅವರಿಗೆ ಅಂದು ಒಂದು ಮದುವೆ ಊಟ ಇತ್ತಂತೆ.

"ಅಕ್ಕ, ನನ್ನದೊಂದು ದೊಡ್ಡ ಟೋಪು ಕಡಿಮೆ ಬೀಳ್ತಾ ಉಂಟು. ನೀವು ಎಲ್ಲಾದರೂ ನೋಡಿದ್ದೀರಾ?"

ಟೋಪು ನಮ್ಮಿಬ್ಬರ ನಡುವೆಯೇ ಇತ್ತು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅವರು ಅದನ್ನು ನೋಡಿದರು, ನಾನು ಅವರನ್ನು ನೋಡಿದೆ.

"ಗೋದಾಮಿನಲ್ಲಿ ಕೇಳಿ ನೋಡಿ," ಎಂದೆ. "ಮುನ್ಸಿಪಾಲ್ಟಿಯವರು ಒಯ್ದಿರಬಹುದು. ಕೆಲವೊಮ್ಮೆ ಫೋನು ಮಾಡಿದರೆ ಬಂದು ಒಯ್ಯುತ್ತಾರಂತೆ."

ಅವರ ಕುತ್ತಿಗೆಯವರೆಗೆ ಕೆಂಪೇರಿತು. ರೊಟ್ಟಿಯಕ್ಕ ಒಲೆಯ ಬಳಿಯಿಂದ, "ಒಳಗ ಬರ್ರಿ ಯಜಮಾನ್ರೇ, ರೊಟ್ಟಿ ತಿಂದು ಹೋಗ್ರಿ," ಎಂದಳು. ಅವಳ ಮನಸ್ಸು ದೊಡ್ಡದು. ಅವರು ಬರಲಿಲ್ಲ. ಕೊಡೆ ಬಿಚ್ಚಿ ನೀರಿಗೆ ಇಳಿದರು.

ಈಗಲೂ ಭಾನುವಾರ ಅವರಿಗೆ ಚಾ ಕೊಡುತ್ತೇನೆ. ಮಂಜೂರಾತಿಯ ಕಾಗದ ಬರುವ ಮುಂಚೆ ಅವರು ಇನ್ನೊಂದು ಫೋನು ಮಾಡುವವರೆಂದು ನನಗೆ ಗೊತ್ತು. ಅದಕ್ಕೇ ಮೇಡಂ ಅವರನ್ನು ಮಗುವಿನ ದೀಕ್ಷಾಸ್ನಾನಕ್ಕೆ ಕರೆದಿದ್ದೇನೆ, ಮಗುವಿನ ಹೊಣೆ ನನ್ನದು ಎಂದು ದೇವರೆದುರು ಮಾತು ಕೊಟ್ಟು ಸಾಕ್ಷಿಯಾಗಿ ಅದನ್ನು ಎತ್ತಿಕೊಳ್ಳಲು ಕಾರ್ಯದರ್ಶಿಯವರ ಹೆಸರು ಹೇಳಿದ್ದೇನೆ. ಅಯ್ಯನವರು ಆಗಾಗ ಕ್ಷಮೆಯ ಬಗ್ಗೆ ಪ್ರಸಂಗ ಮಾಡುತ್ತಾರೆ. ಚೆನ್ನಾಗಿ ಮಾಡುತ್ತಾರಂತೆ. ಅಷ್ಟು ಹೊತ್ತಿಗೆ ಸರಿಯಾಗಿ ನನಗೆ ಚಾಕ್ಕೆ ನೀರಿಡುವ ಸಮಯವಾಗಿರುತ್ತದೆ. ನಾನು ಎದ್ದು ಹಿಂದಿನ ಕೋಣೆಗೆ ಹೋಗುತ್ತೇನೆ. ಈಗ ಚಾ ಕಾಯುವುದೂ ಅಲ್ಲೇ. ಮಗುಚಿಟ್ಟ ಟೋಪಿನ ಪಕ್ಕದಲ್ಲಿ ಮಗು ಕೈಕಾಲು ಆಡಿಸುತ್ತಿರುತ್ತದೆ, ಅದರ ಕಾಲು ಟೋಪಿನ ಅಂಚಿಗೆ ತಾಗಿದರೆ ಸಣ್ಣಗೆ ಸದ್ದಾಗುತ್ತದೆ. ತಾಮ್ರದ ಸದ್ದಲ್ಲ. ಆದರೆ ನನ್ನ ಕಿವಿಗೆ ಅದೂ ಸಾಕಷ್ಟು ಇಂಪಾಗಿಯೇ ಇದೆ.